ಮತಾಲಿಯ ಲೆವೆಲ್ ಪೈಪು

ಸಾವಿನ ಏಳನೆಯ ರಾತ್ರಿಯ ಪ್ರಾರ್ಥನೆ ಮುಗಿದ ಮರುದಿನ ಬೆಳಿಗ್ಗೆ ತುಮಿನಿ ಬಾಣಲೆಗೆ ಎಣ್ಣೆ ಸುರಿದರು.

ಒಂದು ವಾರ ಆ ಒಲೆಯ ಮೇಲೆ ನೆರೆಹೊರೆಯವರ ದೊಡ್ಡ ಪಾತ್ರೆಗಳೇ ಕೂತಿದ್ದವು. ಅವನ್ನೆಲ್ಲ ತೊಳೆದು ಹಿಂದಿರುಗಿಸಿ ಆಗಿತ್ತು. ಮಸೀದಿಯ ಚಾಪೆಗಳು ಹೋದವು. ಬಾಗಿಲ ಮುಂದಿನ ನೀಲಿ ಶಾಮಿಯಾನ ಹೋಯಿತು. ಈಗ ಒಲೆ ಮತ್ತೆ ತುಮಿನಿಯದು. ಅಕ್ಕಿಹಿಟ್ಟಿಗೆ ತೆಂಗಿನ ಹಾಲು, ಕೊತ್ತಂಬರಿ, ಸಣ್ಣಗೆ ಹೆಚ್ಚಿದ ನಿಂಬೆ ಎಲೆ ಕಲಸಿ, ಶೇಂಗಾ ಸೇರಿಸಿ, ಒಂದು ಸೌಟು ಹಿಟ್ಟನ್ನು ಬಾಣಲೆಯ ಅಂಚಿಗೆ ಹೊಯ್ದರು. ಅದು ಅಂಚಿನಲ್ಲೇ ತುಸು ಹೊತ್ತು ಹಿಡಿದುಕೊಂಡು, ಆಮೇಲೆ ಜಾರಿ ಎಣ್ಣೆಗಿಳಿಯಿತು. ಪೆಯೆಕ್ ಕರಿಯುವುದು ಹೀಗೆ. ಇಬ್ಬರು ಗಂಡುಮಕ್ಕಳನ್ನು ಅವರು ಓದಿಸಿದ್ದು ಈ ಗರಿಗರಿ ಪೆಯೆಕ್ ಮಾರಿಯೇ.

ಲಾರಸ್ ಬಂದು ಗಿಡ್ಡ ಮಣೆಯ ಮೇಲೆ ಕೂತು ಬೆಳ್ಳುಳ್ಳಿ ಸುಲಿಯತೊಡಗಿದಳು. ಯಾರೂ ಹೇಳಿರಲಿಲ್ಲ. ಕೈಗೆ ಏನಾದರೂ ಬೇಕಿತ್ತು.

"ಸಾಕು, ನ್ದುಕ್. ಇನ್ನೂ ಸುಲಿದ್ರೆ ತಿಂದೋರ ಬಾಯಿ ನಾರುತ್ತೆ."

ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಅತ್ತೆ ಅವಳನ್ನು ಹೆತ್ತ ಮಗಳನ್ನು ಕರೆಯುವ ಹಾಗೆ ನ್ದುಕ್ ಎಂದೇ ಕರೆಯುತ್ತಿದ್ದರು. ಅವಳ ಗಂಡ ಬಾಸ್ಕೊರೊ ಮಣ್ಣಾದ ಮೇಲೂ ಅದು ಬದಲಾಗಲಿಲ್ಲ. ಲಾರಸ್ ಚಾಕು ಕೆಳಗಿಟ್ಟಳು. ಸುಲಿದ ಬೆಳ್ಳುಳ್ಳಿ ಒಂದು ಬಟ್ಟಲು ತುಂಬಿ ಚೆಲ್ಲಿತ್ತು.

ಬಾಸ್ಕೊರೊ ಇಲಿ ಜ್ವರದಲ್ಲಿ ಹೋಗಿದ್ದ. ಹೊಳೆಯಂಚಿನ ಕೊಳಚೆಯಲ್ಲಿ ಮೊಣಕಾಲುದ್ದ ನಿಂತು ಗೂಟ ನೆಡುವಾಗ ಕಾಲಿಗೆ ಗಾಜು ಚುಚ್ಚಿತ್ತು. ಜ್ವರ ಬಂದಾಗ ಬಿಸಿಲಿನ ತಾಪ ಎಂದುಕೊಂಡರು. ಕಣ್ಣು ಹಳದಿಯಾದ ಮೇಲೆ ಆಸ್ಪತ್ರೆಗೆ ಒಯ್ದರು.

ಹೊರಗೆ ಮಾವ ಕಸ್ದು ತಮ್ಮ ಕಾಡುಪಾರಿವಾಳದ ಪಂಜರವನ್ನು ಕಂಬಕ್ಕೆ ಏರಿಸುತ್ತಿದ್ದರು. ರಾಟೆ ಕಿರ್ ಎಂದಿತು. ಒಂದು ವಾರ ಆ ಹಕ್ಕಿಯೂ ಕೆಳಗೇ ಇತ್ತು.

ಮೈದುನ ಗಿಲಾಂಗ್ ಬಾಡಿಗೆ ಮೋಟರ್‌ಸೈಕಲ್ ಓಡಿಸುವವರ ಹಸಿರು ಜಾಕೆಟ್ ತೊಟ್ಟು ಬಂದು ಬಿಸಿ ಪೆಯೆಕ್ ಒಂದನ್ನು ಎತ್ತಿ ಬಾಯಿಗೆ ಹಾಕಿಕೊಂಡ.

"ಸುಡುತ್ತೆ ಕಣೋ."

"ಮಾರೋದು ತಣ್ಣಗಿದ್ದಾಗ, ತಿನ್ನೋದು ಸುಡುವಾಗ. ಇಬು, ನೀವೇ ಹೇಳ್ಕೊಟ್ಟಿದ್ದು," ಎಂದ ಅಮ್ಮನಿಗೆ. ಆಮೇಲೆ ಲಾರಸಳ ಕಡೆ ನೋಡದೆಯೇ ಅಂದ: "ಉಪವಾಸದ ತಿಂಗಳಿಗೆ ಮುಂಚೆನೇ ಬರ್ತಾರಂತೆ, ನಗರಪಾಲಿಕೆ ಕಚೇರಿಯವರು. ಪಾಕ್ ಜಮ್ಹರಿ ಎಲ್ಲರ ಮನೆಗೂ ಹೇಳ್ಕೊಂಡು ಬರ್ತಿದಾರೆ."

ತುಮಿನಿಯ ಸೌಟು ಹಿಟ್ಟಿನೊಳಗೆ ಒಂದು ಸುತ್ತು ಹೆಚ್ಚು ತಿರುಗಿತು.

*

ನಗರಕ್ಕೆ ಹೊಳೆಯ ದಂಡೆ ಬೇಕಿತ್ತು. ಹೊಳೆ ಚೊಕ್ಕಟವಾಗಬೇಕು, ದಂಡೆಯುದ್ದಕ್ಕೂ ಮರ, ಹುಲ್ಲು, ಓಡಾಡಲು ಕಲ್ಲುಹಾಸು. ನಕ್ಷೆಯಲ್ಲಿ ಈ ಓಣಿ ಆಗಲೇ ಹಸಿರು ಬಣ್ಣದ್ದಾಗಿತ್ತು. ಲಾರಸ್ ವಿಶ್ವವಿದ್ಯಾಲಯದಲ್ಲಿ ನಗರ ಯೋಜನೆ ಓದಿ, ಒಂದು ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದವಳು. ಹಸಿರು ಬಣ್ಣ ತುಂಬಿದ ಜಾಗದಲ್ಲಿ ಯಾರ ಒಲೆ ಇರುತ್ತದೆ ಎಂಬುದು ಅವಳಿಗೆ ತಿಳಿದದ್ದು ಈ ಮನೆಗೆ ಬಂದ ಮೇಲೆ.

ಓಣಿಯವರು ಒಂದು ಮಾತು ಕೇಳಿಕೊಂಡಿದ್ದರು. ನಾವೇ ಹಿಂದಕ್ಕೆ ಸರಿಯುತ್ತೇವೆ. ಹೊಳೆಯ ಕಡೆಯ ಮೂರು ಮೀಟರನ್ನು ನಾವೇ ಒಡೆದು ದಾರಿ ಬಿಡುತ್ತೇವೆ. ಕಕ್ಕಸಿನ ನೀರನ್ನು ಹೊಳೆಗೆ ಬಿಡದೆ, ಆ ದಾರಿಯಡಿ ಪೈಪು ಹೂತು ಮಸೀದಿಯ ಹಿತ್ತಲಿನ ತೊಟ್ಟಿಗೆ ಒಯ್ಯುತ್ತೇವೆ. ನಮ್ಮನ್ನು ಇಲ್ಲೇ ಇರಲು ಬಿಡಿ. ಕಚೇರಿಯವರು ಅರೆಮನಸ್ಸಿನಿಂದ ಒಪ್ಪಿದ್ದರು. ಬಂದು ನೋಡುತ್ತೇವೆ, ಹೊಳೆಗೆ ಕೊಳಚೆ ಬಿಡುವ ಮನೆ ಮಾತ್ರ ಉಳಿಯುವುದಿಲ್ಲ ಎಂದಿದ್ದರು.

ಮನೆಮನೆಗೂ ಹೋಗಿ ಗೋಡೆಯ ಮೇಲೆ ಕೆಂಪು ಗೆರೆ ಎಳೆದವನು ಬಾಸ್ಕೊರೊ. ಗೆರೆಯಿಂದ ಹೊಳೆಯ ಕಡೆಗಿರುವುದೆಲ್ಲ ಹೋಗಬೇಕು. ಜನ ಬೈದುಕೊಂಡು, ಅತ್ತು, ಕೊನೆಗೆ ಸುತ್ತಿಗೆ ಎತ್ತಿಕೊಂಡರು. ಅವನು ತನ್ನ ಮನೆಯದನ್ನು ಕೊನೆಗೆ ಇಟ್ಟುಕೊಂಡಿದ್ದ. ಅಲ್ಲಿ ಗೆರೆ ಬಿದ್ದರೆ ಹೋಗುವುದು ತಾಯಿಯ ಅಡುಗೆಮನೆ.

ಅದು ಬರೀ ಮೂರು ಮೀಟರಿನ ಮಾತಾಗಿರಲಿಲ್ಲ. ಕಸ್ದು ಅವರ ಮನೆಯ ಒಂದು ಮಗ್ಗುಲಿಗೆ ಮಸೀದಿ. ಇನ್ನೊಂದು ಮಗ್ಗುಲಿಗೆ ನೆಲ ತಗ್ಗುತ್ತದೆ. ಆ ತಗ್ಗಿನಲ್ಲಿ ಆರು ಮನೆ. ಆರು ಮನೆಯ ನೀರು ತೊಟ್ಟಿ ಮುಟ್ಟಬೇಕಾದರೆ ದಂಡೆಯ ಮೇಲೆ ನೇರವಾಗಿ, ಈ ಅಡುಗೆಮನೆ ನಿಂತ ಜಾಗದಲ್ಲೇ ಹಾಯಬೇಕು. ಅಡುಗೆಮನೆಯೋ, ಕಲ್ಲು ಇಟ್ಟಿಗೆ ಚೂರು ತುಂಬಿ ಎತ್ತರಿಸಿದ ದಿಬ್ಬದ ಮೇಲಿತ್ತು. ಹಿಂದೊಮ್ಮೆ ನೆರೆ ಬಂದು ಹಿಟ್ಟಿನ ಮೂಟೆಗಳೆಲ್ಲ ತೊಯ್ದ ವರ್ಷ ತುಮಿನಿ ಅದನ್ನು ಎತ್ತರಿಸಿದ್ದರು. ಇನ್ನೂ ಶಾಲೆಗೆ ಹೋಗುತ್ತಿದ್ದ ಬಾಸ್ಕೊರೊ ಬುಟ್ಟಿಯಲ್ಲಿ ಕಲ್ಲು ಹೊತ್ತಿದ್ದ.

*

ಪಾಕ್ ಜಮ್ಹರಿ ಓಣಿಯ ಮುಖ್ಯಸ್ಥ. ಎರಡು ದಿನ ಬಾಗಿಲವರೆಗೆ ಬಂದು, ಕುಶಲ ಕೇಳಿ, ಕಾಫಿ ಕುಡಿದು ಹೋದರು. ಮೂರನೆಯ ಸಲ ಲೋಟ ಖಾಲಿಯಾದರೂ ಏಳಲಿಲ್ಲ.

"ಬು ತುಮಿನಿ, ಇದು ಕೇಳೋ ಹೊತ್ತಲ್ಲ. ನಂಗೂ ಗೊತ್ತು. ಆದ್ರೆ ಹೊತ್ತು ನಮ್ಮ ಕೈಲಿಲ್ಲ."

"ಕೇಳೋ ಹೊತ್ತಲ್ಲ ಅಂದ್ಮೇಲೆ ಕೇಳ್ಬೇಡಿ."

"ಆರು ಮನೆ ಕಾಯ್ತಾ ಇವೆ."

"ನಾನೂ ಒಬ್ಬನ್ನ ಕಾಯ್ದೆ, ಪಾಕ್. ಆಸ್ಪತ್ರೆ ಬಾಗಿಲಲ್ಲಿ. ಯಾರು ಬಂದ್ರು ನಂಗೆ ದಾರಿ ಬಿಡೋಕೆ?"

ಜಮ್ಹರಿ ತಲೆ ತಗ್ಗಿಸಿದರು. ಕಸ್ದು ಬೀಡಿ ಹೊತ್ತಿಸಿಕೊಂಡು ಪಂಜರದ ಕಡೆ ನೋಡುತ್ತಿದ್ದರು. ಆಗ ಗಿಲಾಂಗ್ ಬಾಗಿಲಿಗೊರಗಿ ನಿಂತಲ್ಲಿಂದಲೇ ಹೇಳಿದ:

"ಪಾಕ್, ಅಡುಗೆಮನೆ ಒಡೆಯೋ ಮಾತೇ ಇರ್ಲಿಲ್ಲ. ಅಣ್ಣ ಹುಷಾರು ತಪ್ಪೋಕೆ ಮುಂಚೆ ನಂಗೆ ಹೇಳಿದ್ದ. ಪೈಪು ಮನೆ ಮುಂದಿನ ಓಣಿಯಿಂದ ಬಳಸ್ಕೊಂಡು ಹೋಗ್ಲಿ ಅಂತ."

"ಬಾಸ್ಕೊರೊ ಹೇಳಿದ್ನಾ?"

"ಹೇಳಿದ್ದ."

ಲಾರಸ್ ಖಾಲಿ ಲೋಟಗಳನ್ನು ತಟ್ಟೆಗೆ ಇಡುತ್ತಿದ್ದಳು. ಬಾಸ್ಕೊರೊ ಹಾಗೆ ಹೇಳಿರಲಿಲ್ಲ. ಮುಂದಿನ ಓಣಿ ಎತ್ತರ, ಅತ್ತ ಒಯ್ದರೆ ನೀರು ತಿರುಗಿ ತಗ್ಗಿನ ಮನೆಗಳಿಗೇ ಬರುತ್ತದೆ ಎಂದು ಅವನು ಎಷ್ಟೋ ಸಂಜೆ ಹಾಸಿಗೆಯ ಮೇಲೆ ಕೂತು ಅವಳಿಗೆ ಬರೆದು ತೋರಿಸಿದ್ದ. ಲೋಟಗಳನ್ನು ಒಳಗೊಯ್ದು ತೊಳೆದಳು. ತೊಳೆದದ್ದನ್ನೇ ಮತ್ತೆ ತೊಳೆದಳು.

"ಅವ್ನೇ ಹೇಳಿದ್ರೆ ಸರಿ," ಜಮ್ಹರಿ ಎದ್ದು ನಿಂತು ಅನ್ನುವುದು ಕೇಳಿಸಿತು. "ಅವನ ಮಾತಿಗೆ ಈ ಓಣೀಲಿ ಯಾರೂ ಎದುರಾಡಲ್ಲ."

ತುಮಿನಿ ಒಲೆಯ ಮುಂದೆ ಕೂತರು. ಅವರ ಭುಜ ಇಳಿದಿತ್ತು, ಹೊತ್ತದ್ದನ್ನು ಇಳಿಸಿದವರ ಹಾಗೆ.

*

ಎರಡು ದಿನ ಬಿಟ್ಟು ಮುಂದಿನ ಓಣಿಯಲ್ಲಿ ಗುದ್ದಲಿ ಸದ್ದು ಶುರುವಾಯಿತು. ತಗ್ಗಿನ ಮನೆಗಳ ಗಂಡಸರು ಕೆಲಸ ಮುಗಿಸಿ ಬಂದ ಮೇಲೆ ಅಗೆಯುತ್ತಿದ್ದರು. ಅಡುಗೆಮನೆಯೊಳಗೆ ತುಮಿನಿ ಕರಿದರು, ಲಾರಸ್ ತಣ್ಣಗಾದದ್ದನ್ನು ಪೊಟ್ಟಣಕ್ಕೆ ತುಂಬಿ ಮೇಣದಬತ್ತಿಯ ಉರಿಗೆ ಹಿಡಿದು ಅಂಚು ಅಂಟಿಸಿದಳು, ಗಿಲಾಂಗ್ ಅಂಗಡಿಗಳಿಗೆ ಹಾಕಿ ಬಂದ. ಅವಳು ಕಚೇರಿಗೆ ರಜೆ ಹಾಕಿದ್ದಳು. ಗಂಡ ತೀರಿದ ಹೆಂಗಸು ನಾಲ್ಕು ತಿಂಗಳು ಹತ್ತು ದಿನದ ಇದ್ದತ್ ಮುಗಿಯುವವರೆಗೆ ಗಂಡನ ಮನೆಯಲ್ಲೇ ಇರಬೇಕು. ಸುಮ್ಮನೆ ಹೊರಗೆ ತಿರುಗಬಾರದು. ಬ್ಲಿತಾರ್‌ನಿಂದ ಅವಳ ತಾಯಿ ದಿನಾ ಫೋನ್ ಮಾಡುತ್ತಿದ್ದರು. ಅದು ಮುಗಿದದ್ದೇ ಬಂದುಬಿಡು, ಅಲ್ಲಿ ಇನ್ನೇನಿದೆ ನಿನಗೆ, ಎನ್ನುತ್ತಿದ್ದರು. "ನೋಡೋಣಮ್ಮ," ಎಂದು ಲಾರಸ್ ಫೋನ್ ಇಡುತ್ತಿದ್ದಳು.

ಒಂದು ಮಧ್ಯಾಹ್ನ ಸುಪಿಯಾ ಬಂದಳು. ತಗ್ಗಿನ ಮನೆಗಳಲ್ಲಿ ಮೊದಲನೆಯದು ಅವಳದು. ಗಂಡ ಚಾಕ್ ಮತಾಲಿ ಗಾರೆ ಕೆಲಸದವನು. ಕೈಯಲ್ಲಿ ಸೊಪ್ಪಿನ ಸಾರಿನ ಬಟ್ಟಲು. ಅಡುಗೆಮನೆಯ ಮೆಟ್ಟಿಲ ಬುಡದಲ್ಲೇ ನಿಂತಳು.

"ಮೇಲೆ ಬಾ," ಲಾರಸ್ ಅಂದಳು.

"ಬೇಡ ಮ್ಬಾಕ್," ಅಕ್ಕ ಎನ್ನುವ ಹಾಗೆ ಕರೆದು ಸುಪಿಯಾ ಅಂದಳು. "ಕಾಲೆಲ್ಲ ಕೆಸರು. ಮನೇಲೂ ಕೆಸರು, ಓಣೀಲೂ ಕೆಸರು. ಈಗ ನಾವು ಮೀನೋ ಮನುಷ್ಯರೋ ನಮಗೇ ಗೊತ್ತಿಲ್ಲ."

ತುಮಿನಿ ಒಳಗೆ ಮಲಗಿದ್ದರು. ಸುಪಿಯಾ ದನಿ ತಗ್ಗಿಸಿದಳು.

"ಮಾಸ್ ಬಾಸ್ಕೊರೊ ನಿಜವಾಗ್ಲೂ ಹಾಗೆ ಹೇಳಿದ್ರಾ, ಮ್ಬಾಕ್? ಮುಂದಿನ ಓಣಿ ಅಂತ?"

ಲಾರಸ್ ಬಟ್ಟಲನ್ನು ಇಸಿದುಕೊಂಡಳು. ಬಿಸಿಯಿತ್ತು.

"ಕೇಳಬಾರ್ದಿತ್ತು ಬಿಡಿ. ನಮ್ಮನೆಯವ್ರು ಅಗೆದು ಬಂದು ಸುಮ್ನೆ ಕೂತ್ಬಿಡ್ತಾರೆ. ಯಾಕೆ ಅಂದ್ರೆ, ಸತ್ತೋರ ಮಾತು, ಏನು ಹೇಳ್ಲಿ ಅಂತಾರೆ." ಸುಪಿಯಾ ಹೊರಡಲು ತಿರುಗಿ, ನೆನಪಾದ ಹಾಗೆ ನಿಂತಳು. "ಮಾಸ್ ಬಾಸ್ಕೊರೊ ಇಸ್ಕೊಂಡಿದ್ದ ನಮ್ಮನೆಯವ್ರ ಲೆವೆಲ್ ಪೈಪು ನಿಮ್ಮಲ್ಲೇ ಇದೆ. ಇರ್ಲಿ, ಅವಸರ ಏನಿಲ್ಲ. ಹೆಣ ಎತ್ತೋ ಮುಂಚೆ ಪಾಕ್ ಕಸ್ದು ಕೇಳಿದಾಗಲೂ ನಾವು ಬಾಯಿ ಬಿಡ್ಲಿಲ್ಲ. ಪ್ಲಾಸ್ಟಿಕ್ ಪೈಪಿಗೋಸ್ಕರ ಅಂಥ ಹೊತ್ತಲ್ಲಿ ಯಾರು ಕೈ ಎತ್ತುತಾರೆ?"

ಹೆಣ ಎತ್ತುವ ಮೊದಲು ಮನೆಯ ಹಿರಿಯ ಬಾಗಿಲಲ್ಲಿ ನಿಂತು ಕೇಳುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಕಸ್ದು ಅಂದು ಒಡೆದ ದನಿಯಲ್ಲಿ ಕೇಳಿದ್ದರು: ನನ್ನ ಮಗ ಯಾರಿಗಾದರೂ ಏನಾದರೂ ಕೊಡುವುದಿದ್ದರೆ, ಯಾರದಾದರೂ ಇಸಿದುಕೊಂಡಿದ್ದರೆ, ನಮ್ಮ ಹತ್ತಿರ ಬನ್ನಿ. ಅವನ ಮೇಲೆ ಏನೂ ಉಳಿಯುವುದು ಬೇಡ. ಶಾಮಿಯಾನದ ಕೆಳಗೆ ಯಾರೂ ಮಾತಾಡಿರಲಿಲ್ಲ.

*

ಅವತ್ತಿನ ಊಟಕ್ಕೆ ಸುಪಿಯಾ ತಂದ ಸಾರು, ಹುರಿದ ಸೋಯಾ ತೆಂಪೆ, ಖಾರದ ಸಾಂಬಾಲ್ ಚಟ್ನಿ. ಲಾರಸ್ ಎಲ್ಲರಿಗೂ ಬಡಿಸಿ ತಾನೂ ಕೂತಳು.

"ಗಿಲಾಂಗ್," ಅಂದಳು. "ನೀವು ಪಾಕ್ ಜಮ್ಹರಿಗೆ ಹೇಳಿದ್ದು ಸುಳ್ಳು."

ಗಿಲಾಂಗ್ ತುತ್ತು ಬಾಯಿಗಿಟ್ಟವನು ಅಗಿಯುತ್ತಲೇ ಇದ್ದ. ನುಂಗಿದ ಮೇಲೆ ಅಂದ: "ಇಷ್ಟು ದಿನ ಆದ್ಮೇಲೆ ನಾಲಿಗೆ ಬಂತಾ?"

"ಬಂತು."

"ನಿಮಗೇನು ಮ್ಬಾಕ್, ಇದ್ದತ್ ಮುಗಿದ್ರೆ ನಿಮ್ಮೂರು. ಅಲ್ಲಿ ಹೆಂಚಿನ ಮನೆ, ಅಂಗಳ, ಮಾವಿನ ಮರ. ಇಲ್ಲಿ ಉಳಿಯೋರು ನಾವು. ಇಬುಗೆ ಇರೋದು ಒಂದು ಒಲೆ. ಮಗನ್ನ ಕಳ್ಕೊಂಡಿದಾರೆ. ಒಲೇನೂ ಕಿತ್ಕೋಬೇಕಾ? ನಿಮ್ಮ ಕಚೇರಿಯಂಥೋರೇ ನಮ್ಮನೆ ಮೇಲೆ ಮರ ಬರೆದಿದ್ದು. ಬಣ್ಣ ಹಚ್ಚೋವಾಗ ನೋಡ್ಬೇಕಿತ್ತು."

"ಗಿಲಾಂಗ್," ಕಸ್ದು ಎಚ್ಚರಿಸಿದರು.

"ಇಲ್ಲ ಬಾಪಾಕ್, ಹೇಳ್ಲಿ," ಲಾರಸ್ ಅಂದಳು. "ಅದು ನಿಜ. ಇದು ಸುಳ್ಳು. ಎರಡೂ ಇರ್ಲಿ."

"ಮುಂದಿನ ಓಣೀಲಿ ಹೋದ್ರೆ ಏನಾಗುತ್ತೆ? ಪೈಪು ಪೈಪೇ."

"ನೀರು ಹತ್ತಲ್ಲ. ಆರೂ ಮನೆಗೆ ತಿರುಗಿ ಬರುತ್ತೆ. ಅವ್ರು ಮತ್ತೆ ಹೊಳೆಗೇ ಬಿಡ್ಬೇಕಾಗುತ್ತೆ. ಕಚೇರಿಯವ್ರು ಬಂದು ನೋಡಿ ಆ ಆರು ಮನೆ ಕೀಳ್ತಾರೆ. ಅವರು ಹೇಳ್ತಾರೆ, ಬಾಸ್ಕೊರೊ ತೋರಿಸಿದ ಜಾಗದಲ್ಲೇ ಅಗೆದ್ವಿ ಅಂತ."

ತುಮಿನಿ ತಟ್ಟೆಯನ್ನು ದೂರ ತಳ್ಳಿದರು.

"ಅವನ ಹೆಸರು ಎತ್ಬೇಡಿ ನೀವಿಬ್ರೂ," ಅಂದರು. ದನಿ ಏರಲಿಲ್ಲ. "ಇದೇ ಜಾಗದಲ್ಲಿ ಕೂತು ಅವ್ನೂ ಕೇಳ್ದ. ಅಡುಗೆಮನೆ ಬಿಟ್ಕೊಡಿ ಇಬು ಅಂತ. ನಾನು ಸತ್ತ ಮೇಲೆ ಒಡ್ಕೋ ಅಂದೆ. ನಕ್ಕ. ಇನ್ನೊಂದು ಲೋಟ ಟೀ ಕೊಡಿ ಅಂದ. ಕೊಟ್ಟೆ. ಮಾರನೇ ದಿನ ಜ್ವರ."

ತುಮಿನಿ ತಾವು ತಳ್ಳಿದ ತಟ್ಟೆಯ ಕಡೆ ನೋಡಿದರು.

"ಸಾಯೋ ಮಾತು ಆಡಿದ್ದು ನಾನು. ಹೋಗಿದ್ದು ಅವ್ನು. ಈಗ ಅದನ್ನ ಒಡೆದ್ರೆ ನಾನು ಏನಂತ ಅಂದ್ಕೋಬೇಕು, ಹೇಳಿ ನೀವೇ. ಓದಿದೋಳು, ನೀನು ಹೇಳು."

ಲಾರಸ್ ಎದ್ದು ತಟ್ಟೆಗಳನ್ನು ಒಟ್ಟುಮಾಡಿದಳು. ತೆಂಪೆ ಹಾಗೇ ಉಳಿದಿತ್ತು.

*

ಆಮೇಲಿನ ಕೆಲವು ದಿನ ಮನೆಯಲ್ಲಿ ಬೇಕಾದಷ್ಟೇ ಮಾತು. ಉಪ್ಪು ಎಲ್ಲಿ, ಗ್ಯಾಸ್ ಮುಗಿಯಿತು, ಹಕ್ಕಿಗೆ ಕಾಳು ಹಾಕಿದ್ದೀರಾ. ಗಿಲಾಂಗ್ ಹೊರಗೇ ಉಂಡು ಬರುತ್ತಿದ್ದ. ಮುಂದಿನ ಓಣಿಯ ಕಾಲುವೆ ಮನೆಯ ಬಾಗಿಲವರೆಗೆ ಬಂದಿತ್ತು.

ಲಾರಸಳ ಕೋಣೆಯ ಬಾಗಿಲ ಹಿಂದೆ ಮೊಳೆಗೆ ಲೆವೆಲ್ ಪೈಪು ನೇತಾಡುತ್ತಿತ್ತು. ಪಾರದರ್ಶಕ ಪ್ಲಾಸ್ಟಿಕ್ಕಿನ ಉದ್ದ ಕೊಳವೆ. ಎರಡೂ ತುದಿ ಮೇಲೆ ಮಾಡಿ ರಬ್ಬರ್ ಬ್ಯಾಂಡ್ ಸುತ್ತಿತ್ತು. ಒಳಗೆ ನೀರಿತ್ತು, ಕಂದು ಬಣ್ಣದ್ದು. ತುದಿಗಳನ್ನು ಎಷ್ಟು ದೂರ ಒಯ್ದರೂ ಎರಡರಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುವುದರಿಂದ ಎರಡು ಜಾಗದ ಎತ್ತರವನ್ನು ತಾಳೆ ನೋಡಬಹುದಿತ್ತು. ಬರೀ ನೀರು ಬಿಸಿಲಿಗೆ ಕಾಣಿಸುವುದಿಲ್ಲ ಎಂದು ಬಾಸ್ಕೊರೊ ತಾನು ಕುಡಿದುಳಿದ ಟೀ ಬೆರೆಸುತ್ತಿದ್ದ. ಇಷ್ಟು ದಿನ ಅವಳು ಅದರ ಕಡೆ ನೋಡದೆ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಆ ಬೆಳಿಗ್ಗೆ ಅದನ್ನು ಇಳಿಸಿ ಹೆಗಲಿಗೆ ಹಾಕಿಕೊಂಡು ಅಡುಗೆಮನೆಗೆ ಬಂದಳು.

"ಅದ್ಯಾಕೆ ತೆಗ್ದೆ?" ತುಮಿನಿ ಕೇಳಿದರು.

"ಚಾಕ್ ಮತಾಲಿದು, ಇಬು. ಕೊಡ್ಬೇಕು."

"ಕೊಟ್ಬಿಡು ಹಾಗಾದ್ರೆ."

"ಕೊಡೋಕೆ ಮುಂಚೆ ಒಂದು ಸಲ ಹಿಡ್ಕೊಳ್ಳಿ. ಇದು ಒಬ್ರಿಂದ ಆಗೋ ಕೆಲ್ಸ ಅಲ್ಲ."

"ನಂಗೇನು ತಿಳಿಯುತ್ತೆ ಅದ್ರಲ್ಲಿ? ಕೈಯೆಲ್ಲ ಎಣ್ಣೆ."

"ಎಣ್ಣೆ ಇದ್ರೂ ನಡೆಯುತ್ತೆ. ಹೋದ ಮಳೇಲಿ ನೆರೆ ಬಂತಲ್ಲ, ನೀರು ಎಲ್ಲೀವರೆಗೆ ಬಂದಿತ್ತು?"

ತುಮಿನಿ ಹಿಂಬಾಗಿಲ ಹೊಸ್ತಿಲನ್ನು ತೋರಿಸಿದರು. ಆ ಕಥೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ನೀರು ಹೊಸ್ತಿಲ ತನಕ ಬಂದು, ತಲೆಬಾಗಿ, ಹಾಗೇ ಹಿಂದಿರುಗಿತು. ಅವತ್ತೂ ಪೆಯೆಕ್ ಕರಿದಿದ್ದರು.

ಲಾರಸ್ ಒಂದು ತುದಿಯನ್ನು ಅತ್ತೆಯ ಕೈಗೆ ಕೊಟ್ಟಳು. "ಇದ್ರೊಳಗಿನ ನೀರು ಹೊಸ್ತಿಲಿಗೆ ಸರಿಯಾಗಿ ನಿಂತ ಕೂಡ್ಲೇ ಕೂಗಿ. ಅಷ್ಟೇ."

ಇನ್ನೊಂದು ತುದಿ ಹಿಡಿದು ಮೆಟ್ಟಿಲಿಳಿದಳು. ತಲೆಗೆ ಬಟ್ಟೆ ಎಳೆದುಕೊಂಡಳು. ಬಾಸ್ಕೊರೊ ಹೋದ ಮೇಲೆ ಅವಳ ಕಾಲು ಈ ಮನೆಯ ಆಚೆಗೆ ಬಿದ್ದದ್ದು ಅದೇ ಮೊದಲು. ಎರಡು ಮನೆಗಳ ನಡುವಿನ ಸಂದಿಯಲ್ಲಿ ಕೊಳವೆ ಅವಳ ಹಿಂದೆ ಹರಿದು ಬಂತು. ಸುಪಿಯಾ ಪಾತ್ರೆ ತೊಳೆಯುತ್ತಿದ್ದವಳು ಬಾಯಿ ತೆರೆದು ನಿಂತಳು, ಏನೂ ಕೇಳದೆ ದಾರಿ ಬಿಟ್ಟಳು.

ಸುಪಿಯಾಳ ಮನೆಯ ಒಳಗಿನ ಗೋಡೆಗೆ ಆನಿಸಿ ಲಾರಸ್ ತುದಿಯನ್ನು ಮೇಲಕ್ಕೊಯ್ದಳು. ಸೊಂಟ ದಾಟಿತು.

"ಬಂತಾ ಇಬು?"

"ಇಲ್ಲ! ಇನ್ನೂ ಕೆಳಗಿದೆ!"

ಎದೆ ದಾಟಿತು.

"ಈಗ?"

"ಇನ್ನೂ ಒಂಚೂರು... ಇನ್ನೂ... ಹಾಂ! ಬಂತು, ನಿಂತಿದೆ!"

ಕಂದು ನೀರು ಸುಪಿಯಾಳ ಗಂಟಲ ಮಟ್ಟಕ್ಕೆ ನಿಂತಿತ್ತು. ಸುಪಿಯಾ ಒಲೆಯಿಂದ ಇದ್ದಿಲು ತಂದು ಅಲ್ಲಿ ಗೆರೆ ಎಳೆದಳು. ಕೂಗು ಕೇಳಿ ಕಸ್ದು ಬಂದರು, ಅವರ ಬೆನ್ನಿಗೇ ತುಮಿನಿ, ಎಣ್ಣೆಗೈಯನ್ನು ಸೆರಗಿನಂಥ ಶಾಲಿಗೆ ಒರೆಸಿಕೊಳ್ಳುತ್ತ. ಪಕ್ಕದ ಮನೆಯೇ ಆದರೂ ಅವರು ಅದರ ಒಳಕೋಣೆಗೆ ಬಂದದ್ದು ಕಡಿಮೆ. ಗೋಡೆಯನ್ನು ನೋಡಿದರು. ಗೆರೆಗಿಂತ ಕೆಳಗೆ ಮಕ್ಕಳ ಮಂಚ. ಕೆಳಗೆ ಒಲೆ. ಕೆಳಗೆ ಅಕ್ಕಿಯ ಡಬ್ಬ.

"ನಿಮ್ಮ ಹೊಸ್ತಿಲು ಅದು, ಇಬು," ಸುಪಿಯಾ ಗೆರೆ ತೋರಿಸಿದಳು. "ಅವತ್ತು ನನ್ನ ತಲೆ ಮಾತ್ರ ಕಾಣ್ತಿತ್ತು. ಮಗು ಸೂರಿನ ಮೇಲೆ. ನಿಮ್ಮನೆಯಿಂದ ಪೆಯೆಕ್ ವಾಸನೆ ಬರ್ತಿತ್ತು. ಅಷ್ಟರಲ್ಲೂ ಹಸಿವಾಯ್ತು ನೋಡಿ."

ಸುಪಿಯಾ ನಕ್ಕಳು. ಬೇರೆ ಯಾರೂ ನಗಲಿಲ್ಲ.

"ನಾವು ಅಡುಗೆಮನೆ ಎತ್ತರಿಸೋ ಮುಂಚೆ?" ತುಮಿನಿ ಕೇಳಿದರು.

"ಮುಂಚೆ ಇಬ್ರ ಮನೆಗೂ ಬರ್ತಿತ್ತು, ಹೋಗ್ತಿತ್ತು. ಈಗ ನಿಮ್ಮ ದಿಬ್ಬಕ್ಕೆ ತಡೆದು ಇಲ್ಲೇ ನಿಲ್ಲುತ್ತೆ." ಸುಪಿಯಾ ಗಾಬರಿಯಾದಳು. "ದೂರಿಲ್ಲ ಇಬು, ಕೇಳಿದ್ರಲ್ಲ ಅಂತ ಹೇಳ್ದೆ."

ತುಮಿನಿ ಆ ಇದ್ದಿಲ ಗೆರೆಯನ್ನು ಬೆರಳಿಂದ ಮುಟ್ಟಿದರು. ಬೆರಳು ಕಪ್ಪಾಯಿತು.

"ಮುಂದಿನ ಕಾಲುವೆಗೂ ಹಿಡಿ," ಅಂದರು.

ಈ ಸಲ ಕಸ್ದು ಓಣಿಯ ಕಾಲುವೆಗಿಳಿದು ತುದಿಯನ್ನು ಅದರ ತಳಕ್ಕೆ ಹಿಡಿದರು. ಇತ್ತ ನೀರು ನಿಂತದ್ದು ಸುಪಿಯಾಳ ಒಲೆಯ ಕಟ್ಟೆಯ ಮಟ್ಟಕ್ಕೆ. ಅವಳ ಕಕ್ಕಸು ಅದಕ್ಕಿಂತ ಎಷ್ಟೋ ಕೆಳಗೆ, ನೆಲದಲ್ಲಿತ್ತು.

"ಅಂದ್ರೆ ನಮ್ಮನೆ ಹೇಲು ಒಲೆ ಹತ್ತಿ, ಆಮೇಲೆ ಮಸೀದಿಗೆ ಹೋಗ್ಬೇಕು," ಸುಪಿಯಾ ಅಂದಳು. "ಅಷ್ಟು ದೈವಭಕ್ತಿ ಅದಕ್ಕೆಲ್ಲಿಂದ ಬರ್ಬೇಕು?"

*

ಸಂಜೆ ಗಿಲಾಂಗ್ ಬಂದಾಗ ಊಟಕ್ಕೆ ಇಟ್ಟಿತ್ತು. ತುಮಿನಿ ಅವನ ತಟ್ಟೆಗೆ ಅನ್ನ ಹಾಕಿ, ಸೌಟು ಕೈಯಲ್ಲೇ ಹಿಡಿದುಕೊಂಡು ಕೂತರು.

"ನಿಮ್ಮಣ್ಣ ನಿಂಗೆ ಹಾಗೆ ಹೇಳಿದ್ನಾ?"

ಗಿಲಾಂಗ್ ಲಾರಸಳ ಕಡೆ ನೋಡಿದ. "ಇದ್ದತ್‌ನಲ್ಲಿರೋರು ಪೈಪು ಹಿಡ್ಕೊಂಡು ಮನೆಮನೆ ತಿರುಗಿದ್ರಂತೆ. ಓಣಿಯೆಲ್ಲ ಅದೇ ಮಾತು."

"ಹಗಲು ಹೊತ್ತು. ಪಕ್ಕದ ಮನೆ," ಕಸ್ದು ಅಂದರು. "ಜೊತೇಲಿ ನಾನಿದ್ದೆ. ಆ ಮಾತು ಆಡೋರಿದ್ರೆ ನನ್ನ ಹತ್ರ ಆಡ್ಲಿ. ನಿಮ್ಮಮ್ಮ ಕೇಳಿದ್ದಕ್ಕೆ ಉತ್ತರ ಕೊಡು."

ಗಿಲಾಂಗ್ ಅನ್ನವನ್ನು ಬೆರಳಿಂದ ಗುಡ್ಡೆ ಮಾಡಿದ, ಕೆಡಿಸಿದ.

"ಇಲ್ಲ ಇಬು. ಹೇಳಿರ್ಲಿಲ್ಲ."

"ಯಾಕೆ ಸುಳ್ಳಾಡಿದೆ?"

"ನೀವು ಒಲೆ ಮುಂದೆ ಕೂತಾಗ ಮಾತ್ರ ಅಳ್ತಿರ್ಲಿಲ್ಲ. ಅದಕ್ಕೆ."

ಸೌಟಿನಿಂದ ಅನ್ನದ ಅಗುಳು ಚಾಪೆಗೆ ಬಿತ್ತು. ತುಮಿನಿ ಅದನ್ನು ಹೆಕ್ಕಿ ತಟ್ಟೆಗೆ ಹಾಕಿದರು.

"ನಾನು ಬಾಗಿಲಲ್ಲಿ ನಿಂತು ಹೇಳ್ದೆ," ಕಸ್ದು ನಿಧಾನಕ್ಕೆ ಅಂದರು. "ಅವನ ಮೇಲೆ ಏನಾದ್ರೂ ಇದ್ರೆ ನಮ್ಮ ಹತ್ರ ಬನ್ನಿ ಅಂತ. ಸಾಲಗಾರರು ಬರ್ತಾರೆ ಅಂತ ಕಾಯ್ದೆ. ಯಾರೂ ಬರ್ಲಿಲ್ಲ. ಮಗ ಸಾಲ ಇಲ್ದೆ ಹೋದ ಅಂತ ಖುಷಿಪಟ್ಟೆ." ಬೀಡಿ ತೆಗೆದು, ಹೊತ್ತಿಸದೆ ಮತ್ತೆ ಒಳಗಿಟ್ಟರು. "ಎಲ್ರ ಮನೆ ಒಡೆಸಿದಾನೆ. ನಮ್ಮದೂ ಅಂತ ಮಾತು ಕೊಟ್ಟಿದಾನೆ. ಅದು ಪೈಪಿಗಿಂತ ದೊಡ್ಡ ಸಾಲ ಅಲ್ವಾ?"

ತುಮಿನಿ ಸೌಟನ್ನು ಅನ್ನದ ಪಾತ್ರೆಯಲ್ಲಿಟ್ಟರು.

"ಅಕ್ಕಿಹಿಟ್ಟು ನೆನೆಸಿದೀನಿ," ಕೊನೆಗೆ ಅಂದರು. "ನಾಳೆ ಅದನ್ನ ಕರಿದು ಮುಗಿಸ್ತೀನಿ. ಆಮೇಲೆ ಪಾಕ್ ಜಮ್ಹರಿಗೆ ಹೇಳು. ನೀನೇ ಹೋಗಿ ಹೇಳ್ಬೇಕು, ಗಿಲಾಂಗ್. ಸುಳ್ಳಾಡಿದ್ದೆ ಅಂತಾನೂ ಹೇಳು."

"ಇಬು..."

"ನಾನು ಸತ್ತ ಮೇಲೆ ಅಂದಿದ್ದೆ. ಸಾಯೋದು ಈ ಮನೇಲಿ ಆಗಿ ಹೋಯ್ತಲ್ಲ. ಇನ್ನು ಯಾರನ್ನ ಕಾಯೋದು?"

*

ಗೆರೆ ಎಳೆದವಳು ಲಾರಸ್. ಬಾಸ್ಕೊರೊ ಬಳಸಿದ ಕೆಂಪು ಬಣ್ಣದ ಡಬ್ಬ ಮಂಚದಡಿ ಇತ್ತು, ಕೆನೆಗಟ್ಟಿತ್ತು. ಕಡ್ಡಿಯಿಂದ ಕೆನೆ ತೆಗೆದು, ಬ್ರಶ್ಶಿಗೆ ಸೀಮೆಎಣ್ಣೆ ಹಚ್ಚಿ ಮೆದು ಮಾಡಿಕೊಂಡಳು. ಗೆರೆ ನೆಟ್ಟಗೆ ಬರಲಿಲ್ಲ.

ಮೊದಲ ಇಟ್ಟಿಗೆ ತೆಗೆದದ್ದು ಗಿಲಾಂಗ್. ತಗ್ಗಿನ ಮನೆಗಳ ಗಂಡಸರೆಲ್ಲ ಬಂದಿದ್ದರು, ಮತಾಲಿಯೂ. ಗಿಲಾಂಗ್ ಅವರ ಮುಖ ನೋಡದೆ ಸುತ್ತಿಗೆ ಬೀಸಿದ. ಸ್ವಲ್ಪ ಹೊತ್ತಾದ ಮೇಲೆ ಮತಾಲಿ ಅವನ ಕೈಯಿಂದ ಸುತ್ತಿಗೆ ಇಸಿದುಕೊಂಡು, "ಹಿಡಿತ ಹಿಂದಕ್ಕಿರ್ಲಿ, ಇಲ್ದಿದ್ರೆ ನಾಳೆ ಮೋಟರ್‌ಸೈಕಲ್ ಹ್ಯಾಂಡಲ್ ಹಿಡಿಯೋಕಾಗಲ್ಲ," ಎಂದ. ಅವರಿಬ್ಬರ ನಡುವೆ ಆದ ಮಾತು ಅಷ್ಟೇ.

ಬಾಣಲೆಯನ್ನು ತುಮಿನಿ ತಾವೇ ಹೊತ್ತು ಮುಂದಿನ ಕೋಣೆಗೆ ತಂದಿಟ್ಟಿದ್ದರು. ಗೋಡೆ ಬಿದ್ದ ಮೇಲೆ ದಿಬ್ಬ ಅಗೆದರು. ಒಳಗಿಂದ ಕಲ್ಲು, ಹಂಚಿನ ಚೂರು, ಒಡೆದ ಪಿಂಗಾಣಿ, ಸಣ್ಣ ಹುಡುಗನ ಒಂದು ಚಪ್ಪಲಿ ಬಂತು. ತುಮಿನಿ ಚಪ್ಪಲಿಯನ್ನು ತೊಳೆದು ಕಿಟಕಿಯಲ್ಲಿ ಒಣಗಲಿಟ್ಟರು.

ಒಲೆ ಈಗ ಮುಂದಿನ ಕೋಣೆಯಲ್ಲಿ, ಲಾರಸಳ ಕೋಣೆಯ ಬಾಗಿಲ ಪಕ್ಕದಲ್ಲೇ. ಎಣ್ಣೆಯ ವಾಸನೆ ಅವಳ ಬಟ್ಟೆಗೆಲ್ಲ ಹತ್ತಿತು. ತುಮಿನಿ ಮೊದಲಿನ ಅರ್ಧದಷ್ಟೇ ಕರಿಯುತ್ತಿದ್ದರು. ಹೊಗೆ ಹೋಗಲು ದಾರಿಯಿರಲಿಲ್ಲ. ಎರಡು ಅಂಗಡಿಯವರು ಬೇರೆ ಕಡೆಯಿಂದ ತರಿಸಿಕೊಳ್ಳತೊಡಗಿದರು. ತುಮಿನಿ ಒಲೆಗೆ ಬೈದರು, ಹೊಗೆಗೆ ಬೈದರು, ಒಮ್ಮೊಮ್ಮೆ ಲಾರಸಳಿಗೂ. ಬೈದ ಮೇಲೆ, "ತಿನ್ನು, ಸುಡ್ತಾ ಇರೋವಾಗಲೇ ತಿನ್ನು," ಎಂದು ಒಂದು ಪೆಯೆಕ್ ಅವಳ ಕಡೆ ಚಾಚುತ್ತಿದ್ದರು.

ಪೈಪು ಹೂತು ಸಿಮೆಂಟು ಹಾಕಿದ ಮೇಲೆ ಕಚೇರಿಯವರು ಬಂದರು. ದಂಡೆಯ ಹೊಸ ದಾರಿಯ ಮೇಲೆ ನಡೆದರು, ಮಸೀದಿಯ ತೊಟ್ಟಿಯ ಮುಚ್ಚಳ ತೆಗೆಸಿ ನೋಡಿದರು, ಫೋಟೋ ತೆಗೆದುಕೊಂಡರು. ಚೆನ್ನಾಗಿದೆ ಅಂದರು. ಇರಿ ಅನ್ನಲಿಲ್ಲ, ಹೋಗಿ ಅನ್ನಲಿಲ್ಲ. ತಿಳಿಸುತ್ತೇವೆ ಅಂದರು.

"ಚೆನ್ನಾಗಿದೆ ಅಂದ್ರಲ್ಲ," ಗಿಲಾಂಗ್ ಅಂದ.

"ಹೆಣ್ಣು ನೋಡೋಕೆ ಬಂದೋರೂ ಹಾಗೇ ಅಂತಾರೆ," ಅಂದರು ತುಮಿನಿ.

*

ಉಪವಾಸ ಶುರುವಾಗುವ ಹಿಂದಿನ ದಿನ ಲಾರಸ್, ಕೆಲಸ ಮುಗಿದ ಮೇಲೆ ಮತ್ತೆ ನೇತುಹಾಕಿದ್ದ ಲೆವೆಲ್ ಪೈಪನ್ನು ಮೊಳೆಯಿಂದ ಇಳಿಸಿದಳು. ಹೊರಗಿನ ಕೆಸರನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ತುಮಿನಿ ಒಂದು ಪೊಟ್ಟಣ ಪೆಯೆಕ್ ಅವಳ ಕೈಗಿಟ್ಟರು.

"ಬರಿಗೈಲಿ ಹಿಂದಿರುಗಿಸ್ಬಾರ್ದು."

ಈಗ ಸುಪಿಯಾಳ ಮನೆಗೆ ಸಂದಿಯಲ್ಲಿ ನುಸುಳಬೇಕಿರಲಿಲ್ಲ. ದಂಡೆಯ ದಾರಿಯಲ್ಲಿ ನಡೆದರಾಯಿತು. ಸುಪಿಯಾ ಹೊಳೆಯ ಕಡೆಯ ಹೊಸ ಬಾಗಿಲಲ್ಲಿ ಕೂತು ಮಗುವಿನ ತಲೆ ಬಾಚುತ್ತಿದ್ದಳು.

"ತಂದ್ರಾ? ಇರ್ಲಿ ಅಂದಿದ್ನಲ್ಲ, ಮ್ಬಾಕ್." ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದಳು. "ಮಾಸ್ ಬಾಸ್ಕೊರೊ ತುಂಬಿದ ನೀರು ಇನ್ನೂ ಇದೆ ಇದ್ರಲ್ಲಿ. ಹೀಗೇ ಇಡ್ಲಾ? ಚೆಲ್ಲಿ ಕೊಡ್ತೀರಾ?"

ಮಗು ಬಾಚಣಿಗೆಯಿಂದ ತಪ್ಪಿಸಿಕೊಂಡು ಬಂದು ಪೊಟ್ಟಣವನ್ನು ಇಸಿದುಕೊಂಡಿತು.

"ನಾಳೆ ಚಾಕ್ ಮತಾಲಿಗೆ ಕೆಲಸಕ್ಕೆ ಬೇಕಾಗುತ್ತಲ್ಲ," ಲಾರಸ್ ಅಂದಳು. "ಕೊಡು."

ರಬ್ಬರ್ ಬ್ಯಾಂಡ್ ಬಿಚ್ಚಿ, ದಾರಿಯ ಮೇಲೆ ಕುಕ್ಕರುಗಾಲಲ್ಲಿ ಕೂತು, ಒಂದು ತುದಿಯನ್ನು ನೆಲಕ್ಕಿಳಿಸಿದಳು. ಟೀ ಬಣ್ಣದ ನೀರು ಹೊಸ ಸಿಮೆಂಟಿನ ಮೇಲೆ ಬಿದ್ದು ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಸಣ್ಣ ಗೆರೆಯಾಗಿ ಹೊರಟಿತು. ತಗ್ಗಿನ ಮನೆಗಳ ಕಡೆ ಬರಲಿಲ್ಲ. ತುಮಿನಿಯ ಒಲೆಯಿದ್ದ ಜಾಗವನ್ನು ದಾಟಿ, ಮಸೀದಿಯ ಕಡೆಗೆ ಹೋಯಿತು. ಅದು ಒಣಗುವವರೆಗೆ ಲಾರಸ್ ನೋಡಿದಳು. ಎದ್ದು, ಖಾಲಿ ಕೊಳವೆಯನ್ನು ಸುತ್ತಿ ಸುಪಿಯಾಳ ಕೈಗೆ ಕೊಟ್ಟಳು.